ಪದಕದ ಅಂಚಿನ ಹೆಸರು

ಹಳೆಯ ಪೆಟ್ಟಿಗೆಯ ತಳದಲ್ಲಿ, ಲಗ್ನಪತ್ರಿಕೆ ಮತ್ತು ಕಂದಾಯದ ರಶೀತಿಗಳ ನಡುವೆ, ಕೆಲವು ಮನೆಗಳಲ್ಲಿ ಒಂದು ಬೆಳ್ಳಿಯ ಬಿಲ್ಲೆ ಇನ್ನೂ ಸಿಗುವುದುಂಟು. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ, ಇನ್ನೊಂದು ಮುಖದಲ್ಲಿ ಕುದುರೆಯ ಮೇಲೆ ಬತ್ತಲೆ ಸವಾರ. "ನಮ್ಮ ಮುತ್ತಾತ ದಂಡಿಗೆ ಹೋಗಿದ್ದರಂತೆ" ಎನ್ನುತ್ತಾರೆ ಮನೆಯವರು. ಎಲ್ಲಿಗೆ, ಯಾವಾಗ ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಬಿಲ್ಲೆಯ ಎರಡು ಮುಖಗಳನ್ನೂ ಬಿಟ್ಟು ಅದರ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ಉತ್ತರದ ಮೊದಲ ತುಂಡು ಅಲ್ಲಿರುತ್ತದೆ.

ಪದಕದ ಮೇಲೆ ಸಾಮಾನ್ಯ ಸಿಪಾಯಿಯ ಹೆಸರನ್ನು ಕೆತ್ತಿಸುವ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. ಚಿಕ್ಕಬಳ್ಳಾಪುರದವರಿಗೆ ದಿನವೂ ಕಾಣುವ ನಂದಿದುರ್ಗವನ್ನೇ ತೆಗೆದುಕೊಳ್ಳಿ. ೧೭೯೧ರ ಅಕ್ಟೋಬರ್ ೧೯ರಂದು ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕಾವಲುಪಡೆಯಿಂದ ಆ ಬೆಟ್ಟವನ್ನು ಕಿತ್ತುಕೊಂಡಿತು. ಆ ಯುದ್ಧಕ್ಕಾಗಿ ಕಂಪನಿಯವರು ತಮ್ಮ ದೇಶೀ ಸೈನಿಕರಿಗೆ ಒಂದು ಪದಕ ಕೊಟ್ಟರು. ಅದರಲ್ಲಿ ಬಾವುಟ ಹಿಡಿದು ನಿಂತ ಸಿಪಾಯಿಯ ಚಿತ್ರವಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮತ್ತೊಂದು ಬಂತು. ಸಿಂಹವು ಹುಲಿಯನ್ನು ಕೆಡವಿಕೊಂಡ ಚಿತ್ರ ಅದರದು. ಹುಲಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನ, ಬೆಳ್ಳಿ, ಕಂಚು, ತವರ ಎಂದು ಅಂತಸ್ತಿಗೆ ತಕ್ಕ ಲೋಹದಲ್ಲಿ ಅದನ್ನು ಹಂಚಿದರು. ಆದರೆ ಈ ಪದಕಗಳನ್ನು ಹೆಸರಿಲ್ಲದೆಯೇ ಕೊಟ್ಟರು. ಇಂದು ಅಂಥದೊಂದು ಕೈಗೆ ಸಿಕ್ಕರೆ ಅದು ಯಾವ ಯುದ್ಧದ್ದೆಂದು ಹೇಳಬಹುದು, ಯಾರದೆಂದು ಹೇಳಲಾಗದು. ಬ್ರಿಟಿಷ್ ಸೇನೆಯಲ್ಲಿ ಎಲ್ಲ ದರ್ಜೆಯವರಿಗೂ ಅಂಚಿನಲ್ಲಿ ಹೆಸರೊತ್ತಿ ಕೊಟ್ಟ ಪದಕವೆಂದರೆ ೧೮೧೫ರ ವಾಟರ್ಲೂ ಯುದ್ಧದ್ದೇ ಮೊದಲು.

ನಮ್ಮ ಸೀಮೆಯ ಮನೆಗಳಿಗೆ ಹತ್ತಿರದ್ದು ೧೯೧೪ರಿಂದ ೧೯೧೮ರ ಮಹಾಯುದ್ಧ. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ೧೯೧೪ರಲ್ಲೇ ಬೆಂಗಳೂರಿನಿಂದ ಹೊರಟು ಈಜಿಪ್ಟಿನ ಸೂಯೆಜ್ ಕಾಲುವೆಯ ಕಾವಲಿಗೆ ಹೋಯಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಹಿಡಿದ ಕಥೆ ಅನೇಕರಿಗೆ ಗೊತ್ತು. ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ! ಸೆರೆ ಸಿಕ್ಕವರು ಸುಮಾರು ೧,೩೫೦ ಮಂದಿ. ನಮ್ಮ ಕಡೆ ಸತ್ತವರು ಎಂಟು, ಗಾಯಗೊಂಡವರು ಮೂವತ್ತನಾಲ್ಕು.

ಅಂಥ ಸವಾರನಿಗೆ ಸಲ್ಲಬೇಕಾದ ಪದಕಗಳು ಮೂರು. ೧೯೧೫ ಮುಗಿಯುವುದರೊಳಗೆ ಯುದ್ಧರಂಗಕ್ಕೆ ಹೋದವನಿಗೆ ಕಂಚಿನ ನಕ್ಷತ್ರ. ಅದರಲ್ಲಿ ಹೆಸರು ಹಿಂಬದಿಯಲ್ಲಿರುತ್ತದೆ. ಎರಡನೆಯದು ಮೇಲೆ ಹೇಳಿದ ಬೆಳ್ಳಿಯ ಯುದ್ಧಪದಕ. ಮೂರನೆಯದು ರೆಕ್ಕೆಯುಳ್ಳ ವಿಜಯದೇವಿಯ ವಿಜಯಪದಕ. ಈ ಎರಡರಲ್ಲೂ ಹೆಸರು ಅಂಚಿನಲ್ಲಿದೆ.

ಚದುರಿದ ಪದಕಗಳನ್ನು ಮತ್ತೆ ಒಂದುಗೂಡಿಸುವವರಿಗೆ ಇಲ್ಲೊಂದು ಸೊಗಸಾದ ತರ್ಕ ಸಿಗುತ್ತದೆ. ನಕ್ಷತ್ರ ಪಡೆದವನಿಗೆ ಉಳಿದೆರಡೂ ಬಂದೇ ಬಂದಿರುತ್ತವೆ. ವಿಜಯಪದಕ ಪಡೆದವನಿಗೆ ಯುದ್ಧಪದಕವೂ ಬಂದಿರುತ್ತದೆ. ಆದ್ದರಿಂದ ಮನೆಯಲ್ಲಿ ವಿಜಯಪದಕ ಒಂದೇ ಇದ್ದರೆ ಬೆಳ್ಳಿಯದು ಎಲ್ಲಿಗೋ ಹೋಗಿದೆ ಎಂದರ್ಥ. ಬಹುಮಟ್ಟಿಗೆ ಅಕ್ಕಸಾಲಿಗನ ಮೂಸೆಗೇ ಹೋಗಿರುತ್ತದೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ, ಅದರಲ್ಲೂ ೧೯೮೦ರ ಸುಮಾರಿಗೆ, ಇಂಗ್ಲೆಂಡಿನಲ್ಲೇ ಇಂಥವು ರಾಶಿರಾಶಿಯಾಗಿ ಕರಗಿದವು. ಕಂಚಿನದನ್ನು ಕರಗಿಸಿ ಲಾಭವಿಲ್ಲ, ಅದಕ್ಕೇ ಅದು ಉಳಿಯಿತು. ಇನ್ನು ೧೯೧೭ರಲ್ಲಿ ಮೊದಲ ಬಾರಿಗೆ ಹಡಗು ಹತ್ತಿದವನಿಗೆ ನಕ್ಷತ್ರ ಸಲ್ಲುವುದೇ ಇಲ್ಲ. ಅವನ ಸಾಲಿನಲ್ಲಿ ಅದು ಕಾಣದಿದ್ದರೆ ಕಳೆದುಹೋಯಿತೆಂದು ಹುಡುಕಬೇಕಾಗಿಲ್ಲ.

ಯುದ್ಧಪದಕವೇ ಕಂಚಿನದಾಗಿದ್ದರೆ? ಅದನ್ನು ನಕಲಿಯೆಂದು ಎಸೆಯಬೇಡಿ. ಭಾರತ, ಚೀನ, ಮಾಲ್ಟಾಗಳ ಕೂಲಿದಳದವರಿಗೆ ಕಂಚಿನದನ್ನೇ ಕೊಟ್ಟರು, ಸುಮಾರು ೧,೧೦,೦೦೦ದಷ್ಟು. ರಸ್ತೆ ಹಾಕಿ ಮೂಟೆ ಹೊತ್ತವನಿಗೆ ಬೆಳ್ಳಿ ಏಕೆಂದು ಲೆಕ್ಕ ಹಾಕಿದರೇನೋ. ನನ್ನನ್ನು ಕೇಳಿದರೆ ಮೂರರಲ್ಲೂ ಹೆಚ್ಚು ಜೋಪಾನ ಮಾಡಬೇಕಾದದ್ದು ಇದನ್ನೇ.

ತಂದೆಯ ಪದಕಗಳನ್ನು ಮಕ್ಕಳು ಪಾಲು ಮಾಡಿಕೊಂಡಾಗ ಸಾಲು ಮುರಿಯುತ್ತದೆ. ಮುಂದೆ ಒಂದು ಚಿಂತಾಮಣಿಯಲ್ಲಿ, ಇನ್ನೊಂದು ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕಂಡರೆ, ಅವು ಒಬ್ಬನವೇ ಎಂದು ಹೇಳಲು ಹೆಸರೊಂದೇ ಸಾಲದು. ಆ ಕಾಲದಲ್ಲಿ ಪ್ರತಿಯೊಂದು ರೆಜಿಮೆಂಟಿಗೂ ಅದರದೇ ನಂಬರುಗಳು. ಒಂದೇ ನಂಬರು ಹತ್ತು ದಳಗಳಲ್ಲಿ ಹತ್ತು ಜನರಿಗಿರಬಹುದು. ನಂಬರು, ದರ್ಜೆ, ಹೆಸರು, ದಳ ನಾಲ್ಕನ್ನೂ ಕೂಡಿಸಿ ನೋಡಬೇಕು. ದರ್ಜೆ ಮಾತ್ರ ಬೇರೆಯಾಗಿರಬಹುದು, ಏಕೆಂದರೆ ಸವಾರ ದಫೇದಾರನಾಗುವುದು ಸಹಜ. ಹೆಸರಿನ ಕಾಗುಣಿತ ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆ ಇರುತ್ತದೆ. ಗಟ್ಟಿಯಾಗಿ ಓದಿ ನೋಡಿದರೆ ಗುರುತು ಸಿಕ್ಕೀತು. ಅಂಚು ಒಂದು ಕಡೆ ತೆಳ್ಳಗಿದ್ದರೆ, ಹಳೆಯ ಹೆಸರನ್ನು ಉಜ್ಜಿ ಬೇರೊಂದನ್ನು ಕೆತ್ತಿದ್ದಾರೆಂದು ಶಂಕಿಸಬೇಕು. ಜೋಡಿ ಸಿಗದಿದ್ದಾಗ ಬೇರೊಬ್ಬನ ಪದಕ ತಂದು ಚೌಕಟ್ಟು ತುಂಬಿಸುವ ಸಂಗ್ರಾಹಕರಿದ್ದಾರೆ. ಅದು ಇಬ್ಬರು ಸೈನಿಕರ ಕಥೆಯನ್ನೂ ಕೆಡಿಸುವ ಕೆಲಸ. ಜಾಗ ಖಾಲಿ ಬಿಟ್ಟು ಒಂದು ಚೀಟಿ ಅಂಟಿಸಿದರೆ ಸಾಕು. ಹಬ್ಬಕ್ಕೆಂದು ಪುಡಿ ಹಾಕಿ ಪದಕ ತಿಕ್ಕುವುದೂ ಬೇಡ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ.

ಗೌರಿಬಿದನೂರಿನ ಓದುಗರೊಬ್ಬರು ಇಲ್ಲಿ ತಡೆದು ಕೇಳಬಹುದು: ೧೯೩೮ರಲ್ಲಿ ಧ್ವಜಕ್ಕಾಗಿ ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಯೊಡ್ಡಿದವರ ತಾಲ್ಲೂಕು ನಮ್ಮದು, ಪರದೊರೆಯ ಪದಕಕ್ಕೆ ಇಷ್ಟೇಕೆ ಉಪಚಾರ? ಪ್ರಶ್ನೆ ನ್ಯಾಯವಾದದ್ದೇ. ಆದರೆ ದೊರೆಯ ತಲೆಯನ್ನು ಪೂಜಿಸಿ ಎಂದು ಯಾರೂ ಹೇಳುತ್ತಿಲ್ಲ. ಹೊಟ್ಟೆಪಾಡಿಗೋ ಹುರುಪಿಗೋ ಸಮುದ್ರ ದಾಟಿದ ರೈತನ ಮಗನ ಹೆಸರು ಲೋಹದಲ್ಲಿ ಉಳಿದಿರುವುದು ಆ ಅಂಚಿನಲ್ಲಿ ಮಾತ್ರ ಇರಬಹುದು. ಅದು ಕರಗಿದರೆ ಮನೆಯ ಮಾತೂ ಕರಗಿತು.

ಎರಡನೆಯ ಮಹಾಯುದ್ಧದ ನಕ್ಷತ್ರಗಳ ವಿಷಯದಲ್ಲಿ ನಾವು ಅದೃಷ್ಟವಂತರು. ಬ್ರಿಟಿಷ್ ಸೈನಿಕರಿಗೆ ಅವನ್ನು ಹೆಸರಿಲ್ಲದೆ ಕೊಟ್ಟರು. ಭಾರತೀಯರಿಗೆ ಕೊಟ್ಟ ನಕ್ಷತ್ರಗಳ ಹಿಂಬದಿಯಲ್ಲಿ ಹೆಸರೊತ್ತಿದ್ದಾರೆ.

ಹೆಸರು ಓದಿದ ಮೇಲೆ ಮುಂದೇನು? ಮೊದಲು ಮನೆಯ ಕಾಗದಗಳನ್ನೇ ಜಾಲಾಡಿ: ಬಿಡುಗಡೆಯ ಪತ್ರ, ಪಿಂಚಣಿ ಪುಸ್ತಕ, ಸೈನಿಕನೆಂದು ಜಮೀನು ಮಂಜೂರಾಗಿದ್ದರೆ ಅದರ ಆಜ್ಞೆ. ಲ್ಯಾನ್ಸರ್ಸ್ ದಳದವನಾದರೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಅವರ ಸ್ಮಾರಕವನ್ನು ನೋಡಿ ಬನ್ನಿ. ಸಂಸ್ಥಾನದ ಕಡತಗಳನ್ನು ರಾಜ್ಯ ಪತ್ರಾಗಾರದಲ್ಲಿ ಕೇಳಬೇಕು. ಯುದ್ಧದಲ್ಲಿ ಮಡಿದವನಾದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ಅನೇಕ ಭಾರತೀಯರ ಹೆಸರಿನ ಮುಂದೆ ತಂದೆಯ ಹೆಸರು, ಹಳ್ಳಿ, ಜಿಲ್ಲೆಗಳನ್ನು ಕೊಟ್ಟಿದ್ದಾರೆ. ಪಂಜಾಬಿನವರಿಗೆ ಈಚೆಗೆ ಇನ್ನೂ ದೊಡ್ಡ ನಿಧಿ ಸಿಕ್ಕಿದೆ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದ್ದ ದಾಖಲೆ ಪುಸ್ತಕಗಳು ೨೦೨೧ರಲ್ಲಿ ಬೆಳಕಿಗೆ ಬಂದು, ಸುಮಾರು ಮೂರು ಲಕ್ಷ ಇಪ್ಪತ್ತು ಸಾವಿರ ಸೈನಿಕರ ವಿವರ ಹೊರಬಿತ್ತು.

ಹುಡುಕುವಾಗ ಒಂದು ಮಾತು ನೆನಪಿರಲಿ. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು ೨೦೦೭ರಲ್ಲಿ. ಅದಕ್ಕೆ ಹಿಂದಿನ ಕಾಗದಗಳಲ್ಲಿ ಚಿಂತಾಮಣಿಯವನೂ ಶಿಡ್ಲಘಟ್ಟದವನೂ ಕೋಲಾರ ಜಿಲ್ಲೆಯವನೇ. ಗೌರಿಬಿದನೂರನ್ನು ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಗೋರಿಬಿದನೂರು ಎಂದೇ ಬರೆದಿದ್ದಾರೆ. ಕೋಲಾರವೆಂದೂ ಗೋರಿಬಿದನೂರೆಂದೂ ಒಮ್ಮೆ ಹುಡುಕಿ ನೋಡುವವರೆಗೆ ನಿಮ್ಮ ಮುತ್ತಾತನ ಹೆಸರು ಪಟ್ಟಿಯಲ್ಲಿಲ್ಲವೆಂದು ಪುಸ್ತಕ ಮುಚ್ಚಬೇಡಿ.