ಕರೆಂಟು ಹೋಯ್ತು: ನಮ್ಮೂರ ಲೈನ್ ಕೆಟ್ಟಿದ್ದೋ, ಇಡೀ ಗ್ರಿಡ್ ಬಿದ್ದಿದ್ದೋ?

ಹೆಗ್ಗರಣೆ (ಸಿದ್ದಾಪುರ): ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಕಾರಣ ಹೆಚ್ಚಾಗಿ ಹತ್ತಿರದ್ದೇ. ಲೈನ್ ಮೇಲೆ ಮರ ಬಿದ್ದಿರುತ್ತದೆ, ಇಲ್ಲವೇ ಟಿಸಿ ಸುಟ್ಟಿರುತ್ತದೆ. ಗ್ರಿಡ್ ಕುಸಿತ ಬೇರೆಯೇ ಕಥೆ. ಆಗ ಊರಲ್ಲಿ ಒಂದು ತಂತಿಯೂ ತುಂಡಾಗದಿದ್ದರೂ ರಾಜ್ಯಕ್ಕೆ ರಾಜ್ಯವೇ ಕತ್ತಲಾಗಬಹುದು.

'ಪಕ್ಕದಲ್ಲೇ ಕೈಗಾ, ಕಾಳಿ, ಶರಾವತಿ ಇರುವಾಗ ನಮಗೇನು ತೊಂದರೆ?' ಎಂದು ಕೇಳುವವರಿದ್ದಾರೆ. ಅಲ್ಲಿ ತಯಾರಾದ ವಿದ್ಯುತ್ ನೇರವಾಗಿ ನಮ್ಮೂರಿಗೆ ಬರುವುದಿಲ್ಲ, ದೇಶದ ಒಂದೇ ಜಾಲಕ್ಕೆ ಸೇರುತ್ತದೆ. ಆ ಜಾಲದಲ್ಲಿ ಉತ್ಪಾದನೆ, ಬಳಕೆ ಎರಡೂ ಕ್ಷಣಕ್ಷಣವೂ ಸಮ ಇರಬೇಕು. ಸಮ ಇದ್ದರೆ ಫ್ರೀಕ್ವೆನ್ಸಿ 50 ಹರ್ಟ್ಸ್ ಆಸುಪಾಸು ಇರುತ್ತದೆ. ಬಳಕೆ ಹೆಚ್ಚಿದರೆ ಇಳಿಯುತ್ತದೆ. ತೀರಾ ಇಳಿದರೆ ಯಂತ್ರ ಹಾಳಾಗದಿರಲೆಂದು ಉತ್ಪಾದನಾ ಘಟಕಗಳು ತಾವಾಗಿಯೇ ಜಾಲದಿಂದ ಕಳಚಿಕೊಳ್ಳುತ್ತವೆ. ಕೊರತೆ ಇನ್ನೂ ಹೆಚ್ಚಿ ಮತ್ತೊಂದು ಘಟಕ ಕಳಚುತ್ತದೆ. ಲೈನ್‌ಗಳದ್ದೂ ಅಷ್ಟೇ: ಒಂದು ಟ್ರಿಪ್ ಆದರೆ ಅದರ ಹೊರೆ ಉಳಿದವುಗಳ ಮೇಲೆ.

2012ರ ಜುಲೈ 30 ಮತ್ತು 31ರಂದು ಆಗಿದ್ದು ಇದೇ. ಮಧ್ಯಪ್ರದೇಶದ ಬಿನಾ–ಗ್ವಾಲಿಯರ್ 400 ಕೆವಿ ಲೈನ್ ಹೊರೆ ಹೆಚ್ಚಾಗಿ ಟ್ರಿಪ್ ಆಯಿತು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಗ್ರಿಡ್ ಮೂರೂ ಬಿದ್ದವು; 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ಕರ್ನಾಟಕ ಬಚಾವಾಯ್ತು, ಏಕೆಂದರೆ ಆಗ ದಕ್ಷಿಣದ ಗ್ರಿಡ್ ಪ್ರತ್ಯೇಕವಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ಅದೂ ರಾಷ್ಟ್ರೀಯ ಗ್ರಿಡ್‌ಗೆ ಸೇರಿತು. ಈಗ ಕೊರತೆಯಾದಾಗ ಬೇರೆಡೆಯಿಂದ ವಿದ್ಯುತ್ ತರುವುದು ಸುಲಭ. ಆದರೆ ದೂರದ ಪೆಟ್ಟು ನಮಗೂ ತಟ್ಟಬಹುದು. ಅದಕ್ಕೇ ಫ್ರೀಕ್ವೆನ್ಸಿ ಕುಸಿದಾಗ ಕೆಲವು ಫೀಡರ್‌ಗಳನ್ನು ತಾನಾಗಿ ಕಡಿದು ಉಳಿದ ಜಾಲ ಕಾಯುವ ರಿಲೇಗಳಿವೆ.

ಬಿದ್ದ ಗ್ರಿಡ್ ಏಳುವುದು ನಿಧಾನ. ಉಷ್ಣ, ಅಣು ಸ್ಥಾವರ ಮತ್ತೆ ಶುರುವಾಗಲು ಹೊರಗಿನ ಕರೆಂಟೇ ಬೇಕು. ಜಲವಿದ್ಯುತ್ ಘಟಕಕ್ಕೆ ನೀರು, ಸಣ್ಣ ಡೀಸೆಲ್ ಜನರೇಟರ್ ಇದ್ದರೆ ಸಾಕು. ಹಾಗಾಗಿ ಸಾಮಾನ್ಯವಾಗಿ ಅವೇ ಮೊದಲು ಏಳುತ್ತವೆ.

ಅಂಗಡಿ, ಮನೆಯವರು ಏನು ಮಾಡಬೇಕು?

ಶಿರಸಿ, ಹುಬ್ಬಳ್ಳಿಯಲ್ಲಿ ಕರೆಂಟು ಇದೆಯೇ ಎಂದು ಪರಿಚಯದವರನ್ನು ಕೇಳಿ. ಅಲ್ಲಿದ್ದರೆ ದೋಷ ನಮ್ಮ ಕಡೆಯದು. ಹೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.

ಪಂಪ್‌ಸೆಟ್, ಫ್ರಿಜ್, ಗಿರಣಿ ಮೋಟಾರು ಆಫ್ ಮಾಡಿ, ಒಂದು ಬಲ್ಬ್ ಮಾತ್ರ ಆನ್ ಇಡಿ. ಕರೆಂಟು ಬಂದು ಸ್ವಲ್ಪ ಹೊತ್ತು ನಿಂತ ಮೇಲೆ ಒಂದೊಂದೇ ಹಾಕಿ. ಎಲ್ಲರ ಮೋಟಾರೂ ಒಟ್ಟಿಗೆ ಎಳೆದರೆ ಫೀಡರ್ ಮತ್ತೆ ಟ್ರಿಪ್ ಆದೀತು.

ಮೊಬೈಲ್ ಟವರ್ ಬ್ಯಾಟರಿ ಮುಗಿದರೆ ಫೋನ್‌ಪೇ ನಡೆಯುವುದಿಲ್ಲ. ಗಲ್ಲಾದಲ್ಲಿ ಚಿಲ್ಲರೆ ಇರಲಿ.

ಜನರೇಟರ್ ಇದ್ದವರು ಚೇಂಜ್‌ಓವರ್ ಸ್ವಿಚ್ ಹಾಕಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ನಿಮ್ಮ ಕರೆಂಟು ಲೈನ್‌ಗೆ ಹಿಂದಿರುಗಿ, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಕುತ್ತು ತರಬಹುದು.