ಸಾಲಿನ ಸಾಲ

ಒಂದು ಸಂಜೆ ನಾವೆಲ್ಲ ಕಲಿಕಾ ಕೇಂದ್ರದಲ್ಲಿ ಕುಳಿತಿದ್ದೆವು. ಒಬ್ಬ ತಾಯಿ ಸಂಘದ ಸಾಲದ ಕಾಗದ ತಂದಿದ್ದರು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ತಾವೇ ಓದಿದರು: "2024-25ನೇ ಸಾಲಿನ ಸಾಲದ ಬಾಕಿ." ಓದಿ ಗಾಬರಿಯಾದರು.

"ಅಕ್ಕಾರ, ನಾ ತಗೊಂಡಿದ್ದು ಒಂದ ಸಾಲರಿ. ಇಲ್ಲಿ ಎರಡು ಸಲ ಬರದಾರ. ಸಾಲದ ಮ್ಯಾಲೆ ಮತ್ತ ಸಾಲ ಹಾಕ್ಯಾರೇನ್ರಿ?"

ಇಲ್ಲ ತಾಯಿ, ಹಾಗೇನಿಲ್ಲ. ಇವು ಎರಡು ಬೇರೆ ಬೇರೆ ಮಾತು. ಕಿವಿಗೆ ಒಂದೇ ತರಹ ಕೇಳುತ್ತವೆ. ಆದರೆ ಬಂದ ದಾರಿ ಬೇರೆ.

ಎರಡನೆಯ ಮಾತು ನಮಗೆಲ್ಲ ಗೊತ್ತು. ಸಾಲ ಎಂದರೆ ಮರಳಿ ಕೊಡಬೇಕಾದ ಹಣ. ತುಳುವಿನಲ್ಲೂ ಸಾಲ ಎನ್ನುತ್ತಾರೆ. ತಮಿಳಿನವರು ಕಡನ್ ಎನ್ನುತ್ತಾರೆ. ನಾವು "ಒಂದೀಟು ಕಡ ಕೊಡ್ರಿ" ಅಂತೀವಲ್ಲ, ಅದೇ ಬಳಗದ ಮಾತು ಅದು.

ಮೊದಲನೆಯ ಮಾತು ಬಹಳ ದೂರದ್ದು. ಇರಾನ್ ದೇಶದ ಭಾಷೆ ಫಾರಸಿ. ಅದರಲ್ಲಿ ಸಾಲ್ ಎಂದರೆ ವರ್ಷ. ವಿಜಯಪುರದ ಆದಿಲಶಾಹಿ ಸುಲ್ತಾನರ ಕಾಲದಲ್ಲಿ ದರ್ಬಾರದ ಕಾಗದಗಳಲ್ಲಿ ಫಾರಸಿ ಇತ್ತು. ಜಮೀನು, ರಸೀದಿ, ಸರ್ಕಾರ ಇವೆಲ್ಲ ಫಾರಸಿ ಮಾತುಗಳೇ. ಹಿಂದಿಯಲ್ಲೂ ವರ್ಷಕ್ಕೆ ಸಾಲ್ ಎನ್ನುತ್ತಾರೆ. 2024-25ನೇ ಸಾಲು ಎಂದರೆ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ತನಕದ ಒಂದು ವರ್ಷ.

ಹೊಲದಲ್ಲಿ ಇನ್ನೊಂದು ಸಾಲು ಇದೆ. ಅದು ನೇಗಿಲ ಸಾಲು. ತಮಿಳಿನಲ್ಲೂ ನೇಗಿಲ ಗೆರೆಗೆ ಚಾಲ್ ಎನ್ನುತ್ತಾರೆ. ಸಾಲುಮರದ ತಿಮ್ಮಕ್ಕ ಶಾಲೆ ಕಲಿತವರಲ್ಲ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅವರ ಹೆಸರಿನ ಸಾಲು ಈ ಸಾಲು.

"ನನ್ನ ಮಗಳು ಸಾಲಿಗೆ ಹೋಗ್ತಾಳಲ್ರಿ, ಅದು ಯಾವ ಸಾಲಿ?" ಎಂದು ಇನ್ನೊಬ್ಬರು ಕೇಳಿದರು. ಅದು ಸಂಸ್ಕೃತದ ಶಾಲಾ. ಮೊದಲು ಅದಕ್ಕೆ ಮನೆ, ಕೊಟ್ಟಿಗೆ ಎಂಬ ಅರ್ಥ ಇತ್ತು. ಗೋಶಾಲೆ, ಧರ್ಮಶಾಲೆ ಅನ್ನುವುದು ಅದಕ್ಕೇ. ತಮಿಳಿನಲ್ಲಿ ಸಾಲೈ ಎಂದರೆ ರಸ್ತೆ ಕೂಡ ಹೌದು.

ದುಡಿಯಲು ಪುಣೆ, ಮುಂಬಯಿಗೆ ಹೋದವರು ಮರಾಠಿ ಕೇಳಿರುತ್ತೀರಿ. ಅಲ್ಲಿ ಸಾಲ್ ಎಂದರೆ ವರ್ಷವೂ ಹೌದು, ಹಣ್ಣಿನ ಸಿಪ್ಪೆಯೂ ಹೌದು. ಹಿಂದಿಯಲ್ಲಿ ಸಾಲಾ ಎಂದರೆ ಹೆಂಡತಿಯ ತಮ್ಮ. ಅದನ್ನೇ ಬೈಗುಳಾಗಿಯೂ ಆಡುತ್ತಾರೆ. ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ತಿಳಿದಿರಬೇಕು.

ಹಾಗಾದರೆ ಕಾಗದದಲ್ಲಿ ಗುರುತು ಹಿಡಿಯುವುದು ಹೇಗೆ? ಪಕ್ಕದ ಮಾತು ನೋಡಿ. ಮುಂದೆ ಇಸವಿ ಇದ್ದರೆ ಅದು ವರ್ಷ. ರೂಪಾಯಿ, ಬಡ್ಡಿ, ಕಂತು ಇದ್ದರೆ ಅದು ಸಾಲ. ಪಹಣಿಯಲ್ಲಿ ಸಾಲಕ್ಕೆ 'ಋಣ' ಎಂದು ಬರೆದಿರುತ್ತಾರೆ. ಅದನ್ನೂ ನೋಡಿಕೊಳ್ಳಿ.

ಆ ತಾಯಿ ಮತ್ತೆ ಕಾಗದ ಹಿಡಿದರು. ಈ ಸಲ ಗಾಬರಿ ಇರಲಿಲ್ಲ. ಕೊನೆಯ ತನಕ ಓದಿದರು. ಸೀರೆಯ ಗಂಟಿನಿಂದ ರಸೀದಿ ಬಿಚ್ಚಿ ಎಣಿಸಿದರು. ಕಟ್ಟಿದ್ದು ಹತ್ತು ಕಂತು. ಕಾಗದದಲ್ಲಿ ಇದ್ದದ್ದು ಒಂಬತ್ತು! ಮರುದಿನ ಸಂಘಕ್ಕೆ ಹೋಗಿ ರಸೀದಿ ತೋರಿಸಿದರು. ಲೆಕ್ಕ ಸರಿಯಾಯಿತು.

ಅಕ್ಕತಂಗಿಯರೇ, ಅಕ್ಷರ ಕೂಡಿಸಿ ಓದಿದರೆ ಸಾಲದು. ತಿಳಿಯದ ಮಾತಿಗೆ ಅರ್ಥ ಕೇಳಿ. ಕೇಳಲು ನಾಚಿಕೆ ಬೇಡ. ತಿಳಿದ ಮೇಲೆಯೇ ರುಜು ಮಾಡಿ.

ಓದಿ, ಅರ್ಥ ಹೇಳಿ:
1. ಈ ಸಾಲಿನಲ್ಲಿ ಮಳೆ ಚೆನ್ನಾಗಿ ಬಂತು.
2. ಮಕ್ಕಳು ಸಾಲಾಗಿ ನಿಂತರು.
3. ಸಾಲ ತೀರಿತು, ಮನಸ್ಸು ಹಗುರಾಯಿತು.
4. ಇಷ್ಟು ಹಿಟ್ಟು ಹತ್ತು ಜನಕ್ಕೆ ಸಾಲದು.