ಏಳು ನಿಮಿಷದ ರಾತ್ರಿ

ಮೈನ್‌ಕ್ರಾಫ್ಟ್‌ನಲ್ಲಿ ನಾನು ಮೊದಲ ಸಲ ಸತ್ತದ್ದು ಸೂರ್ಯಾಸ್ತ ನೋಡುತ್ತ. ಹೂ ತುಂಬಿದ ಬಯಲು, ದೂರದಲ್ಲೊಂದು ಕೆರೆ, ಚೌಕದ ಸೂರ್ಯ ಚೌಕದ ಗುಡ್ಡದ ಹಿಂದೆ ಇಳಿಯುತ್ತಿದ್ದ. ಚೆನ್ನಾಗಿದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಬುಸ್ ಎಂಬ ಸದ್ದು, ಹಿಂದೆಯೇ ಸ್ಫೋಟ. ಪಕ್ಕದಲ್ಲಿ ಕೂತು ಚಕ್ಕುಲಿ ಮುರಿಯುತ್ತಿದ್ದ ಅಕ್ಕನ ಮಗಳು ತಲೆಯೆತ್ತದೆ ಕೇಳಿದಳು: “ಮಾವ, ಮನೆ ಕಟ್ಟದೆ ಯಾರಾದ್ರೂ ಸೂರ್ಯ ಮುಳುಗೋದನ್ನ ನೋಡ್ತಾ ನಿಂತ್ಕೋತಾರಾ?”

ಸ್ವೀಡನ್ನಿನ ಮಾರ್ಕಸ್ ಪೆರ್ಸನ್ 2009ರ ಮೇ ತಿಂಗಳಲ್ಲಿ ಈ ಆಟದ ಮೊದಲ ರೂಪವನ್ನು ಹೊರಬಿಟ್ಟರು. ಪೂರ್ಣ ಆವೃತ್ತಿ ಬಂದದ್ದು 2011ರಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಆಟವನ್ನೂ ಅದನ್ನು ತಯಾರಿಸಿದ ಮೊಯಾಂಗ್ ಸಂಸ್ಥೆಯನ್ನೂ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇಷ್ಟು ಜನ ಆಡುವ ಆಟ ಹೊಸಬರನ್ನು ನಡೆಸಿಕೊಳ್ಳುವ ರೀತಿ ಮಾತ್ರ ಬಹಳ ಒರಟು. ಬರಿಗೈಯಲ್ಲಿ ತಂದು ಕಾಡಿನ ನಡುವೆ ನಿಲ್ಲಿಸುತ್ತದೆ, ಏನು ಮಾಡಬೇಕೆಂದು ಹೆಚ್ಚೇನೂ ಹೇಳುವುದಿಲ್ಲ. ಹಾಗಾಗಿ ಆಡುವವರ ನಡುವೆ ಕಿವಿಮಾತುಗಳು ಹುಟ್ಟಿಕೊಂಡಿವೆ: ಮೊದಲು ಮರ ಕಡಿ, ಕತ್ತಲಾಗುವ ಮುಂಚೆ ಬಾಗಿಲು ಹಾಕಿಕೋ, ನೇರ ಕೆಳಕ್ಕೆ ಅಗೆಯಬೇಡ. ಬಾಯಿಪಾಠ ಮಾಡಿಕೊಂಡರೂ ಸಾಕು. ಆದರೆ ಒಂದೊಂದರ ಹಿಂದೆಯೂ ಒಂದು ಪುಟ್ಟ ಲೆಕ್ಕವಿದೆ, ನನಗೆ ಆಟಕ್ಕಿಂತ ಆ ಲೆಕ್ಕವೇ ಹೆಚ್ಚು ಹಿಡಿಸಿತು. (ಇಲ್ಲಿನ ಅಂಕಿಗಳೆಲ್ಲ ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯವು.)

ಮೊದಲ ಲೆಕ್ಕ ಹೊತ್ತಿನದು. ಅಲ್ಲಿಯ ಒಂದು ದಿನವೆಂದರೆ ನಮ್ಮ 20 ನಿಮಿಷ. ಹಗಲು 10, ರಾತ್ರಿ 7, ಉಳಿದ ಮೂರು ನಿಮಿಷ ಮುಂಜಾವಿಗೂ ಮುಸ್ಸಂಜೆಗೂ ಸಮಪಾಲು. ಹತ್ತು ನಿಮಿಷದಲ್ಲಿ ನೆಲೆ ಕಂಡುಕೊಳ್ಳಬೇಕು. ಮರಕ್ಕೆ ಬರಿಗೈಯಲ್ಲಿ ಗುದ್ದಿದರೆ ದಿಮ್ಮಿ ಸಿಗುತ್ತದೆ. ಮೂರು ದಿಮ್ಮಿ ಸಾಕು ಎಂದರೆ ಹೊಸಬರು ನಂಬುವುದಿಲ್ಲ. ಒಂದು ದಿಮ್ಮಿಗೆ ನಾಲ್ಕು ಹಲಗೆ, ಒಟ್ಟು ಹನ್ನೆರಡು. ನಾಲ್ಕು ಹಲಗೆಗೆ ಕೆಲಸದ ಮೇಜು, ಮೂರಕ್ಕೆ ಮರದ ಪಿಕಾಸಿಯ ತಲೆ. ಎರಡು ಹಲಗೆ ಸೀಳಿದರೆ ನಾಲ್ಕು ಕಡ್ಡಿ, ಪಿಕಾಸಿಯೊಂದಕ್ಕೆ ಎರಡು ಕಡ್ಡಿಯ ಹಿಡಿ. ಮರದ್ದು, ಕಲ್ಲಿನದು, ಕಬ್ಬಿಣದ್ದು ಎಂದು ಮೂರು ಪಿಕಾಸಿಗೂ ಹಿಡಿ ಹಾಕಿದ ಮೇಲೆ ಒಂದು ಹಲಗೆ ಇನ್ನೂ ಉಳಿದಿರುತ್ತದೆ. ನಾನು ಮೊದಲ ದಿನ ಕಾಡನ್ನೇ ಬೋಳಿಸಿದ್ದೆ.

ಮರದ ಪಿಕಾಸಿಯನ್ನು ಹೆಚ್ಚು ಹೊತ್ತು ನೆಚ್ಚಿಕೊಳ್ಳಬಾರದು. ಅದು 59 ಏಟಿಗೆ ಮುರಿಯುತ್ತದೆ, ಕಲ್ಲಿನದು 131ಕ್ಕೆ, ಕಬ್ಬಿಣದ್ದು 250ಕ್ಕೆ, ವಜ್ರದ್ದು 1,561ಕ್ಕೆ. ಚಿನ್ನದ್ದು ಬರೀ 32. ಚಿನ್ನ ಕಂಡೊಡನೆ ಪಿಕಾಸಿ ಮಾಡಿಕೊಳ್ಳುವ ಹೊಸಬರು ಪೆಚ್ಚಾಗುವುದು ಇಲ್ಲೇ. ಆಟ ಹೇಳುತ್ತಿರುವುದು ಸುಳ್ಳಲ್ಲ, ಅಪ್ಪಟ ಚಿನ್ನ ಬಹಳ ಮೆದು. ಒಡವೆಗೆ ಅಕ್ಕಸಾಲಿಗರು ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸುವುದು ಅದಕ್ಕೇ.

ಇನ್ನು ಬೆಳಕಿನ ವಿಷಯ. ಆಟದ ಟಾರ್ಚ್ ಎಂದರೆ ಬ್ಯಾಟರಿಯದಲ್ಲ, ಪಂಜು. ಒಂದು ಕಡ್ಡಿ, ಒಂದು ತುಂಡು ಕಲ್ಲಿದ್ದಲು ಸೇರಿದರೆ ನಾಲ್ಕು ಪಂಜು. ಕಲ್ಲಿದ್ದಲು ಕಾಣದಿದ್ದರೆ ಎಂಟು ಕಲ್ಲಿನಿಂದ ಕುಲುಮೆ ಮಾಡಿ ದಿಮ್ಮಿಯನ್ನು ಬೇಯಿಸಿದರೆ ಇದ್ದಿಲಾಗುತ್ತದೆ, ಅದೂ ನಡೆಯುತ್ತದೆ. ಪಂಜಿನ ಬೆಳಕು 14 ಅಂಕದ್ದು. ಅಲ್ಲಿಂದ ಒಂದೊಂದು ಬ್ಲಾಕ್ (ಆ ಲೋಕವನ್ನು ಕಟ್ಟಿರುವ ಘನಾಕಾರದ ತುಂಡು) ದೂರ ಹೋದಂತೆ ಒಂದೊಂದು ಅಂಕ ಕಡಿಮೆ. ದುಷ್ಟ ಜೀವಿಗಳು ಹುಟ್ಟುವುದು ಪಂಜು-ದೀಪಗಳ ಬೆಳಕು ಸೊನ್ನೆಯಾದ ಜಾಗದಲ್ಲಿ ಮಾತ್ರ. ಹಿಂದೆ 7 ಅಂಕದ ಮಬ್ಬು ಬೆಳಕಿನಲ್ಲೂ ಹುಟ್ಟುತ್ತಿದ್ದವು, 2021ರ ಕೊನೆಯಲ್ಲಿ ಬಂದ 1.18ನೇ ಆವೃತ್ತಿ ಈ ನಿಯಮ ಬದಲಿಸಿತು. ಹಳೆಯ ಆಟಗಾರರು ಈಗಲೂ ಹೆಜ್ಜೆಗೊಂದು ಪಂಜು ನೆಡುವುದು ಆ ಭಯದಿಂದ.

ನಮ್ಮ ಲೋಕದ ದೀಪ ಹೀಗೆ ವರ್ತಿಸುವುದಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದಕ್ಕೆ. ಅಲ್ಲದೆ ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ಗೋಡೆ ಅಡ್ಡ ಬಂದರೆ ನೆರಳು ಬೀಳುತ್ತದೆ. ಮೈನ್‌ಕ್ರಾಫ್ಟ್‌ನ ಬೆಳಕಿಗೆ ಕಿರಣಗಳೇ ಇಲ್ಲ. ಓಣಿಯಲ್ಲಿ ಸುದ್ದಿ ಹರಡುವ ಹಾಗೆ ಅದು ಒಂದು ಬ್ಲಾಕಿನಿಂದ ಪಕ್ಕದ ಬ್ಲಾಕಿಗೆ ದಾಟುತ್ತದೆ, ದಾಟುವಾಗ ಒಂದು ಅಂಕ ಸುಂಕ ಕೊಡುತ್ತದೆ. ಮೂಲೆ ಸುತ್ತಿಕೊಂಡೂ ಹೋಗುತ್ತದೆ. ಓರೆಯಾಗಿ ನೆಗೆಯುವಂತಿಲ್ಲ, ಉದ್ದಕ್ಕೋ ಅಡ್ಡಕ್ಕೋ ಮೇಲೆ ಕೆಳಗೋ ಮಾತ್ರ ಹೆಜ್ಜೆ. ಸಾವಿರಾರು ಬ್ಲಾಕುಗಳಿಗೆ ಕಿರಣದ ಜಾಡು ಹಿಡಿಯುವುದು ಕಂಪ್ಯೂಟರಿಗೆ ದುಬಾರಿ ಕೆಲಸ, ಹೆಜ್ಜೆ ಎಣಿಸುವುದು ಬಲು ಅಗ್ಗ.

ಹೆಜ್ಜೆ ಎಣಿಸುವ ಬೆಳಕು ನೆಲದ ಮೇಲೆ ಎಂಥ ಆಕಾರ ಬಿಡಿಸುತ್ತದೆ? ವೃತ್ತವನ್ನಲ್ಲ. ಮನೆಯ ಮುಂದೆ ಚುಕ್ಕಿ ರಂಗೋಲಿ ಇಟ್ಟವರಿಗೆ ಗೊತ್ತಿರುವ ಆಕಾರ: ಒಂದು ಚುಕ್ಕಿ, ಮೂರು, ಐದು ಎಂದು ಏರುತ್ತ ನಡುವಿನ ಸಾಲಿನಲ್ಲಿ ಇಪ್ಪತ್ತೇಳು ಚುಕ್ಕಿ, ಮತ್ತೆ ಇಳಿಯುತ್ತ ಒಂದು. ಸಮತಟ್ಟು ನೆಲದಲ್ಲಿ ನೆಟ್ಟ ಒಂದು ಪಂಜು ಹದಿಮೂರು ಹೆಜ್ಜೆಯವರೆಗೆ ಕಾಯುತ್ತದೆ, ಹಾಗಾಗಿ ಚುಕ್ಕಿಗಳನ್ನೆಲ್ಲ ಕೂಡಿದರೆ 365. ವರ್ಷದ ದಿನಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ, ಆದರೂ ಕೂಡಿ ನೋಡಿದ ದಿನ ನನಗೆ ಖುಷಿಯಾಯಿತು. ಇಷ್ಟು ತಿಳಿದರೆ ಪಂಜುಗಳನ್ನು ಎಷ್ಟು ದೂರಕ್ಕೆ ನೆಡಬೇಕೆಂದು ತಾನಾಗಿ ಹೊಳೆಯುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಬೆಳಕಿನಲ್ಲಿ ದುಷ್ಟ ಜೀವಿಗಳು ಹುಟ್ಟುವುದಿಲ್ಲ ಅಷ್ಟೇ, ಕತ್ತಲಲ್ಲಿ ಹುಟ್ಟಿ ಬೆಳಕಿಗೆ ನಡೆದು ಬರಲು ಯಾವ ಅಡ್ಡಿಯೂ ಇಲ್ಲ. ಬಾಗಿಲು ಬೇಕೇ ಬೇಕು.

ಬೆಳಗಾದರೆ ಝಾಂಬಿಗಳೂ ಅಸ್ಥಿಪಂಜರಗಳೂ ಬಿಸಿಲಿಗೆ ಉರಿದುಹೋಗುತ್ತವೆ. ನನ್ನನ್ನು ಕೊಂದ ಹಸಿರು ಕ್ರೀಪರ್ ಮಾತ್ರ ಉರಿಯುವುದಿಲ್ಲ, ನಡುಹಗಲಲ್ಲೂ ಮರದಡಿ ಕಾದಿರುತ್ತದೆ. ಪೆರ್ಸನ್ ಹಂದಿಯೊಂದನ್ನು ರೂಪಿಸುವಾಗ ಉದ್ದ ಎತ್ತರಗಳನ್ನು ಅದಲು ಬದಲು ಮಾಡಿದ್ದರಿಂದ ಹುಟ್ಟಿದ ಪ್ರಾಣಿ ಇದು. ಬೆಕ್ಕು ಕಂಡರೆ ದೂರ ಓಡುತ್ತದೆ. ಹಳ್ಳಿ ಸಿಕ್ಕರೆ ಮೀನು ಕೊಟ್ಟು ಒಂದು ಬೆಕ್ಕನ್ನು ಒಲಿಸಿಕೊಳ್ಳುವುದು ಒಳ್ಳೆಯದು. ಮೂರು ತುಂಡು ಉಣ್ಣೆ, ಮೂರು ಹಲಗೆ ಒದಗಿದರೆ ಹಾಸಿಗೆಯಾಗುತ್ತದೆ. ಅದರಲ್ಲಿ ಮಲಗಿದರೆ ರಾತ್ರಿ ಕಳೆಯುತ್ತದೆ, ಸತ್ತರೆ ಮತ್ತೆ ಹುಟ್ಟುವುದೂ ಅಲ್ಲಿಯೇ.

ಹಸಿವಿಗೆ ಹತ್ತು ಮಾಂಸದ ತುಂಡುಗಳ ಸಾಲೊಂದು ಪರದೆಯ ಕೆಳಗೆ ಕಾಣುತ್ತದೆ. ಕಾಣದಿರುವುದು ಅದರ ಹಿಂದಿನ ಇನ್ನೊಂದು ಅಂಕ, ಹೊಟ್ಟೆ ತುಂಬಿದ ತೃಪ್ತಿಯದು. ಮೊದಲು ಆ ತೃಪ್ತಿ ಕರಗುತ್ತದೆ, ಆಮೇಲೆ ಸಾಲು ಸವೆಯುತ್ತದೆ. ಬಿಸ್ಕತ್ತಿಗೆ ತೃಪ್ತಿ ಹೆಸರಿಗಷ್ಟೇ, ಬ್ರೆಡ್ಡಿಗೆ 6, ಬೇಯಿಸಿದ ದನದ ಮಾಂಸಕ್ಕೆ 12.8. ಚುರುಮುರಿ ತಿಂದವನಿಗೂ ಮುದ್ದೆ ಉಂಡವನಿಗೂ ಇರುವ ವ್ಯತ್ಯಾಸ ಅನ್ನಿ. ಹಸಿ ಮಾಂಸ 3 ಅಂಕ ಹಸಿವು ತೀರಿಸಿದರೆ ಬೇಯಿಸಿದ್ದು 8 ತೀರಿಸುತ್ತದೆ. ಬೇಯಿಸಿದ ಆಹಾರದಿಂದ ದೇಹಕ್ಕೆ ಹೆಚ್ಚು ಶಕ್ತಿ ದಕ್ಕುತ್ತದೆ, ಮನುಷ್ಯನ ವಿಕಾಸಕ್ಕೆ ಒಲೆಯೇ ದಾರಿ ಮಾಡಿತು ಎಂದು ಮಾನವಶಾಸ್ತ್ರಜ್ಞ ರಿಚರ್ಡ್ ರಾಂಗಮ್ ವಾದಿಸುತ್ತಾರೆ. ಅವರ ಪುಸ್ತಕವೂ ಈ ಆಟ ಹುಟ್ಟಿದ 2009ರಲ್ಲೇ ಬಂತು.

ನೇರ ಕೆಳಕ್ಕೆ ಅಗೆಯಬೇಡ ಎಂಬುದು ಎಲ್ಲರೂ ಹೇಳುವ, ಎಲ್ಲರೂ ಒಮ್ಮೆ ಮೀರುವ ಮಾತು. ಕಾಲ ಕೆಳಗಿನ ಬ್ಲಾಕ್ ತೆಗೆದರೆ ಅಡಿಯಲ್ಲಿ ಗುಹೆ ಇದ್ದೀತು, ಲಾವಾ ಇದ್ದೀತು. ಬಿದ್ದಾಗ ಮೊದಲ ಮೂರು ಬ್ಲಾಕಿಗೆ ಮಾಫಿ, ಆಮೇಲೆ ಬ್ಲಾಕಿಗೊಂದು ಅಂಕ ನಷ್ಟ. ಜೀವ ಇರುವುದು 20 ಅಂಕ, ಆದ್ದರಿಂದ 23 ಬ್ಲಾಕ್ ಬಿದ್ದರೆ ಮುಗಿಯಿತು. ಇದರಲ್ಲಿ ಭೌತಶಾಸ್ತ್ರ ತಕ್ಕಮಟ್ಟಿಗೆ ಸರಿಯಾಗಿದೆ, ಬೀಳುವ ವಸ್ತುವಿನ ಶಕ್ತಿಯೂ ಎತ್ತರಕ್ಕೆ ತಕ್ಕಂತೆ ಸಮನಾಗಿ ಏರುತ್ತದೆ. ಆದರೆ ಕೆಳಗೆ ಒಂದೇ ಒಂದು ಬ್ಲಾಕ್ ನೀರಿದ್ದರೆ ಎಷ್ಟೇ ಎತ್ತರದಿಂದ ಬಿದ್ದರೂ ಗಾಯವಿಲ್ಲ. ಇದು ಶುದ್ಧ ಬೊಗಳೆ, ಮಕ್ಕಳಿಗೆ ಹೇಳಿಯೇ ಕೂರಿಸಬೇಕು. ಮರದ ಬುಡ ಕಡಿದರೂ ಕೊಂಬೆಗಳು ಗಾಳಿಯಲ್ಲಿ ನಿಂತಿರುತ್ತವೆ. ಎರಡು ಬಕೆಟ್ ನೀರನ್ನು ಚೌಕದ ಗುಂಡಿಯ ಎದುರು ಬದುರು ಮೂಲೆಗೆ ಸುರಿದರೆ ಎಂದೂ ಬತ್ತದ ಬಾವಿಯಾಗುತ್ತದೆ. ವಿಜ್ಞಾನ ಕಲಿಸುವ ಆಟ ಎಂದು ಇದನ್ನು ಹೊಗಳುವವರ ಮಾತನ್ನು ನಾನು ಅರ್ಧಕ್ಕೆ ಮಾತ್ರ ಒಪ್ಪುತ್ತೇನೆ.

ವಜ್ರ ಬೇಕಿದ್ದರೆ ಮೆಟ್ಟಿಲು ಕಡಿಯುತ್ತ ಇಳಿಯಬೇಕು. ಎತ್ತರದ ಅಂಕಿಯಲ್ಲಿ ಲೋಕದ ತಳ −64, ವಜ್ರ ಹೆಚ್ಚು ಸಿಗುವುದು −59ರ ಸುಮಾರಿಗೆ. ಲಾವಾ ನಿಂತಿರುವುದೂ ಅದೇ ಆಳದ ಗುಹೆಗಳಲ್ಲಿ, ಹಾಗಾಗಿ ಕೈಯಲ್ಲಿ ನೀರಿನ ಬಕೆಟ್ ಇರಲಿ. ಒಂದು ಬ್ಲಾಕ್ ಒಂದು ಮೀಟರ್. ತಳದಿಂದ ಆಕಾಶದ ತುದಿವರೆಗೆ ಆ ಲೋಕದ ಎತ್ತರ 384 ಮೀಟರ್. ನಮ್ಮ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಯೊಂದೇ 3 ಕಿಲೋಮೀಟರಿಗೂ ಆಳ. ವಜ್ರ ಹುಟ್ಟುವುದು 150 ಕಿಲೋಮೀಟರಿಗೂ ಕೆಳಗೆ, ಅಲ್ಲಿಗೆ ಯಾವ ಪಿಕಾಸಿಯೂ ಮುಟ್ಟಿಲ್ಲ. ರಷ್ಯಾದ ಕೋಲಾದಲ್ಲಿ ಕೊರೆದ ಅತಿ ಆಳದ ತೂತು 12,262 ಮೀಟರಿಗೇ ನಿಂತಿತು. ಹಿಂದೆಂದೋ ಚಿಮ್ಮಿದ ಕಿಂಬರ್ಲೈಟ್ ಎಂಬ ಶಿಲಾರಸ ವಜ್ರಗಳನ್ನು ಮೇಲಕ್ಕೆ ಹೊತ್ತು ತಂದಿರದಿದ್ದರೆ ಉಂಗುರಗಳಲ್ಲಿ ಬೇರೇನೋ ಇರುತ್ತಿತ್ತು.

ದಿಮ್ಮಿಯಿಂದ ವಜ್ರದವರೆಗೆ ಹನ್ನೆರಡು ಮೆಟ್ಟಿಲು: ದಿಮ್ಮಿ, ಹಲಗೆ, ಕಡ್ಡಿ, ಮೇಜು, ಮರದ ಪಿಕಾಸಿ, ಕಲ್ಲು, ಕಲ್ಲಿನ ಪಿಕಾಸಿ, ಅದಿರು, ಕುಲುಮೆ, ಕಬ್ಬಿಣದ ಗಟ್ಟಿ, ಕಬ್ಬಿಣದ ಪಿಕಾಸಿ, ವಜ್ರ. ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಯುವ ಈ ಏಣಿ ಕೃತಕ ಬುದ್ಧಿಮತ್ತೆಯ ಸಂಶೋಧಕರನ್ನು ವರ್ಷಗಟ್ಟಲೆ ಕಾಡಿತು. 2019ರಲ್ಲಿ ಮೈನ್‌ಆರ್‌ಎಲ್ ಎಂಬ ಸ್ಪರ್ಧೆ ನಡೆಯಿತು. ಮನುಷ್ಯರು ಆಡಿದ ಆಟದ ಭಾರಿ ದಾಖಲೆ ಕೊಟ್ಟು, ವಜ್ರ ಹುಡುಕುವ ಯಂತ್ರವನ್ನು ತರಬೇತು ಮಾಡಿ ತನ್ನಿ ಎಂದರು. ಒಂದು ತಂಡಕ್ಕೂ ವಜ್ರ ಸಿಗಲಿಲ್ಲ.

ಏಕೆ? ಏನೂ ತಿಳಿಯದ ಯಂತ್ರ ಮನಬಂದಂತೆ ಗುಂಡಿಗಳನ್ನು ಒತ್ತುತ್ತ, ಒಳ್ಳೆಯದಾದದ್ದನ್ನು ನೆನಪಿಟ್ಟುಕೊಂಡು ಕಲಿಯುತ್ತದೆ. ಮರ ಕಡಿಯಲು ಒಂದೇ ಗುಂಡಿಯನ್ನು ಸುಮಾರು ಮೂರು ಸೆಕೆಂಡು ಬಿಡದೆ ಒತ್ತಿಹಿಡಿಯಬೇಕು, ಕಣ್ಣು ಅದೇ ಬ್ಲಾಕಿನ ಮೇಲಿರಬೇಕು. ಮನಬಂದಂತೆ ಒತ್ತುವವನಿಗೆ ಅದು ಒದಗುವುದೇ ಅಪರೂಪ, ಹನ್ನೆರಡೂ ಮೆಟ್ಟಿಲು ಒಂದಾದ ಮೇಲೊಂದು ಒದಗುವುದಂತೂ ದೂರದ ಮಾತು. ನಮ್ಮ ಮಕ್ಕಳಿಗೆ ಆ ತೊಡಕಿಲ್ಲ. ಮರ ಎಂದರೆ ಕಡಿಯುವುದು, ಕಲ್ಲೆಂದರೆ ಗಟ್ಟಿ, ಕತ್ತಲೆಂದರೆ ಭಯ ಎಂಬುದನ್ನೆಲ್ಲ ಅವರು ಮನೆಯಿಂದಲೇ ಕಲಿತು ಬಂದಿರುತ್ತಾರೆ. 2022ರಲ್ಲಿ ಓಪನ್‌ಎಐ ಸಂಸ್ಥೆ ಜನ ಆಡಿದ 70,000 ಗಂಟೆಗಳ ವೀಡಿಯೊ ತೋರಿಸಿ ಯಂತ್ರವನ್ನು ವಜ್ರದ ಪಿಕಾಸಿಯವರೆಗೆ ತಂದಿತು. ಬಳಿಕ ಡೀಪ್‌ಮೈಂಡ್‌ನ ಡ್ರೀಮರ್ ಯಾರ ಆಟವನ್ನೂ ನೋಡದೆ ವಜ್ರ ಮುಟ್ಟಿತು. ಅದರ ವಿವರ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅದು ಆ ಲೋಕದ ಒಂದು ಅಂದಾಜು ಚಿತ್ರವನ್ನು ತನ್ನೊಳಗೇ ಕಟ್ಟಿಕೊಂಡು, ಹೀಗೆ ಮಾಡಿದರೆ ಹೇಗಾದೀತು ಎಂದು ಅದರಲ್ಲೇ ಆಡಿ ನೋಡುತ್ತದೆ. ನನಗೂ ಹಾಗೆ ಯೋಚಿಸುವ ಅಭ್ಯಾಸವಿದ್ದಿದ್ದರೆ ಸೂರ್ಯಾಸ್ತ ನೋಡುತ್ತ ನಿಲ್ಲುತ್ತಿರಲಿಲ್ಲ.

ಕೊನೆಗೆ ನಾನು ತಪ್ಪಿದ ಇನ್ನೊಂದು ಕಿವಿಮಾತು. ಎಫ್3 ಕೀಲಿ ಒತ್ತಿದರೆ ನಿಂತ ಜಾಗದ ಮೂರು ಅಂಕಿ ತೋರುತ್ತದೆ, ಮನೆಯ ಅಂಕಿ ಬರೆದಿಟ್ಟುಕೊಳ್ಳಬೇಕು. ಆ ಲೋಕದ ಅಗಲ ಉದ್ದ ಎರಡೂ ಸುಮಾರು 6 ಕೋಟಿ ಬ್ಲಾಕ್, ಅಂದರೆ ಭೂಮಿಯ ಮೇಲ್ಮೈಯ ಏಳು ಪಟ್ಟು. ನಾನು ಬರೆದಿಡಲಿಲ್ಲ, ಬಾಗಿದ ಗುಡ್ಡವೊಂದರ ಬಳಿ ಕಟ್ಟಿಕೊಂಡಿದ್ದ ಗುಡಿಸಲು ಕಳೆದುಹೋಯಿತು.

ಆಗ ಒಂದು ಉಪಾಯ ಹೊಳೆಯಿತು. ಪ್ರತಿ ಲೋಕವೂ ಬೀಜ ಎಂದು ಕರೆಯುವ ಒಂದು ಸಂಖ್ಯೆಯಿಂದ ಬೆಳೆಯುತ್ತದೆ. ಅಂಥ ಬೀಜಗಳು ಸುಮಾರು 1.8 ಲಕ್ಷ ಕೋಟಿ ಕೋಟಿ. ಆ ಸಂಖ್ಯೆಯಿಂದ ಗುಡ್ಡ ಕಣಿವೆಗಳನ್ನು ಹೊಸೆಯುವ ವಿದ್ಯೆಗೆ ಮೂಲ ಕೆನ್ ಪರ್ಲಿನ್. 1982ರ ಟ್ರಾನ್ ಚಲನಚಿತ್ರಕ್ಕೆ ದುಡಿದಾಗ ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪು ಅವರಿಗೆ ಹಿಡಿಸಲಿಲ್ಲ. ಯದ್ವಾತದ್ವಾ ಅಂಕಿ ಚೆಲ್ಲಿದರೆ ಮುಳ್ಳುಹಂದಿಯ ಬೆನ್ನಿನಂಥ ನೆಲವಾಗುತ್ತದೆ. ಅವರು ಅಂಕಿಗಳನ್ನು ದೂರ ದೂರ ಇಟ್ಟು ನಡುವಿನದನ್ನು ಮೆಲ್ಲಗೆ ಏರಿಳಿಸಿದರು. ಅಂಥ ದೊಡ್ಡ ಅಲೆಯ ಮೇಲೆ ಸಣ್ಣ ಅಲೆ, ಅದರ ಮೇಲೆ ಇನ್ನೂ ಸಣ್ಣದು ಹೊದಿಸಿದರೆ ಮಲೆಯಂಥ ಮಲೆ ಏಳುತ್ತದೆ. ಇದಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಿಕ್ಕಿತು. ಬೀಜ ಒಂದೇ ಆದರೆ ಲೋಕವೂ ಒಂದೇ.

ಹಳೆಯ ಬೀಜವನ್ನೇ ಬರೆದು ಹೊಸ ಲೋಕ ತೆರೆದೆ. ಅದೇ ಹೂವಿನ ಬಯಲು, ಅದೇ ಕೆರೆ. ಈ ಸಲ ಅಂಕಿ ನೋಡಿಕೊಳ್ಳುತ್ತ, ಬಾಗಿದ ಆ ಗುಡ್ಡದವರೆಗೆ ನಡೆದೆ. ಗುಡ್ಡವಿತ್ತು, ಗುಡಿಸಲಿರಲಿಲ್ಲ. “ಬೀಜದಲ್ಲಿ ಗುಡ್ಡ ಇರತ್ತೆ ಮಾವ, ನೀನು ಕಟ್ಟಿದ್ದು ಹೇಗಿರತ್ತೆ?” ಅಂದಳು ಅಕ್ಕನ ಮಗಳು. ಗುಡ್ಡದ ಅಂಕಿ ಬರೆದುಕೊಂಡು ಹಳೆಯ ಲೋಕಕ್ಕೆ ಮರಳಿ, ಅದೇ ಅಂಕಿಗೆ ನಡೆದು ಗುಡಿಸಲು ಸೇರಿದೆ. ಈಗ ಆ ಮೂರು ಅಂಕಿಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿವೆ: 212, 71, −348.